ಗೀಸರಿನ ತವರೂರು

‘ಅಮ್ಮಾ, ಗೀಸರ್ ಹಾಕಿದ್ದೀಯಾ?’ ಪಟ್ಟಣದ ಮನೆಗಳಲ್ಲಿ ಬೆಳಗಾಗುವುದೇ ಈ ಪ್ರಶ್ನೆಯೊಂದಿಗೆ. ಬಚ್ಚಲುಮನೆಯ ಗೋಡೆಗೆ ನೇತುಬಿದ್ದಿರುವ ಈ ನೀರು ಕಾಯಿಸುವ ಡಬ್ಬಿಗೆ ‘ಗೀಸರ್’ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ, ಇಂಗ್ಲಿಷಿನಿಂದ ಎಂಬುದು ಸಾಮಾನ್ಯವಾದ ಉತ್ತರ. ಅದು ಅರ್ಧ ಸತ್ಯ. ಇಂಗ್ಲಿಷಿನವರಿಗೂ ಅದು ಸಾಲದ ಪದವೇ. ಅದರ ತವರೂರು ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ಉತ್ತರ ಧ್ರುವವೃತ್ತಕ್ಕೆ ತಾಗಿಕೊಂಡಂತಿರುವ ಐಸ್‌ಲೆಂಡ್ ಎಂಬ ದ್ವೀಪ. ಅಲ್ಲಿನ ಒಂದು ಕಣಿವೆಯಲ್ಲಿ ‘ಗೇಯ್ಸಿರ್’ ಎಂಬ ಬಿಸಿನೀರಿನ ಬುಗ್ಗೆ ಇದೆ. ಅಲ್ಲಿನ ಭಾಷೆಯಲ್ಲಿ ‘ಚಿಮ್ಮುವಂಥದ್ದು’ ಎಂದು ಅದರ ಅರ್ಥ. ಲೋಕದಲ್ಲಿ ಎಲ್ಲೇ ಬಿಸಿನೀರು ನೆಲದಿಂದ ಚಿಮ್ಮಲಿ, ಅದಕ್ಕೆ ಈ ಒಂದು ಬುಗ್ಗೆಯ ಹೆಸರೇ ಅಂಟಿಕೊಂಡಿದೆ.

ಮೂಲದ ಗೇಯ್ಸಿರ್ ಈಗ ಮುದಿಯಾಗಿ ಹೆಚ್ಚಾಗಿ ನಿದ್ದೆಯಲ್ಲೇ ಇರುತ್ತದೆ. ಆದರೆ ಪಕ್ಕದಲ್ಲೇ ಇರುವ ‘ಸ್ಟ್ರೋಕುರ್’ ಎಂಬ ಬುಗ್ಗೆ ಐದು-ಹತ್ತು ನಿಮಿಷಕ್ಕೊಮ್ಮೆ 15ರಿಂದ 20 ಮೀಟರ್ ಎತ್ತರಕ್ಕೆ, ಅಂದರೆ ಒಂದು ತೆಂಗಿನಮರದಷ್ಟು ಎತ್ತರಕ್ಕೆ ಕುದಿನೀರನ್ನು ಎರಚುತ್ತದೆ. ಇದರ ಹಿಂದಿನ ವಿಜ್ಞಾನ ಅಡುಗೆಮನೆಯ ಪ್ರೆಷರ್ ಕುಕ್ಕರಿನದೇ. ನೆಲದಾಳದ ಕಾದ ಬಂಡೆಗಳು ಅಲ್ಲಿನ ನೀರನ್ನು ಕಾಯಿಸುತ್ತವೆ. ಮೇಲೆ ನಿಂತ ನೀರಿನ ಭಾರದಿಂದ ಒತ್ತಡ ಹೆಚ್ಚಿ, 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ತಳದ ನೀರು ಕುದಿಯುವುದಿಲ್ಲ. ಕೊನೆಗೊಮ್ಮೆ ಅದು ಕುದಿಯತೊಡಗಿ ಮೇಲಿನ ನೀರನ್ನು ಸ್ವಲ್ಪ ತಳ್ಳಿತೋ, ಒತ್ತಡ ತಟ್ಟನೆ ಇಳಿಯುತ್ತದೆ. ಆಗ ಉಳಿದ ನೀರಿನಲ್ಲಿ ಒಂದಷ್ಟು ಒಮ್ಮೆಗೇ ಉಗಿಯಾಗಿ, ಮಿಕ್ಕ ನೀರನ್ನು ಆಕಾಶಕ್ಕೆ ಚಿಮ್ಮಿಸುತ್ತದೆ.

ಬೆಂಕಿಯ ಮೇಲೆ ಹಿಮ

ಐಸ್‌ಲೆಂಡಿನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಜನಸಂಖ್ಯೆ 4 ಲಕ್ಷವನ್ನೂ ಮುಟ್ಟುವುದಿಲ್ಲ. ಅವರಲ್ಲೂ ಮೂರರಲ್ಲಿ ಎರಡು ಪಾಲು ಜನ ರಾಜಧಾನಿ ರೇಕ್ಯಾವಿಕ್ ಹಾಗೂ ಅದರ ಸುತ್ತಮುತ್ತ ವಾಸವಾಗಿದ್ದಾರೆ. ‘ರೇಕ್ಯಾವಿಕ್’ ಎಂದರೆ ಹೊಗೆಯ ಕೊಲ್ಲಿ. ಸಾವಿರದ ನೂರೈವತ್ತು ವರ್ಷಗಳ ಹಿಂದೆ ನಾರ್ವೆಯ ಕಡೆಯಿಂದ ದೋಣಿಯಲ್ಲಿ ಬಂದ ಮೊದಲ ವಲಸಿಗರು ಬುಗ್ಗೆಗಳ ಉಗಿಯನ್ನು ಹೊಗೆಯೆಂದುಕೊಂಡು ಇಟ್ಟ ಹೆಸರು ಇದು ಎನ್ನುತ್ತಾರೆ.

ಭೂಪಟದಲ್ಲಿ ಈ ದ್ವೀಪವಿರುವ ಜಾಗವೇ ವಿಚಿತ್ರ. ಉತ್ತರ ಅಮೆರಿಕದ ಭೂಫಲಕ ಮತ್ತು ಯುರೇಷಿಯದ ಭೂಫಲಕ ಒಂದರಿಂದೊಂದು ದೂರ ಸರಿಯುವ ಗೆರೆ ಇದರ ನಡುವೆಯೇ ಹಾದುಹೋಗಿದೆ. ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ಬೆರಳಿನ ಉಗುರು ಬೆಳೆಯುವುದಕ್ಕಿಂತಲೂ ನಿಧಾನ. ಆದರೆ ಹಾಗೆ ಬಿಟ್ಟ ಬಿರುಕಿನಲ್ಲಿ ಭೂಮಿಯೊಳಗಿನ ಕರಗಿದ ಬಂಡೆ ಮೇಲೇರುತ್ತದೆ. ಸುಮಾರು 30 ಜೀವಂತ ಜ್ವಾಲಾಮುಖಿ ವ್ಯವಸ್ಥೆಗಳು ಈ ಪುಟ್ಟ ದೇಶದಲ್ಲಿವೆ. ಅವುಗಳಲ್ಲಿ ಕೆಲವು ಹಿಮರಾಶಿಯ ಅಡಿಯಲ್ಲೇ ಅಡಗಿವೆ. ‘ವಾತ್ನಾಯೋಕುಲ್’ ಎಂಬ ಒಂದೇ ಹಿಮರಾಶಿ ಕೊಡಗು ಜಿಲ್ಲೆಯ ಹತ್ತಿರ ಹತ್ತಿರ ಎರಡರಷ್ಟು ಜಾಗವನ್ನು ಆವರಿಸಿದೆ. ಮೇಲೆ ಮಂಜು, ಕೆಳಗೆ ಬೆಂಕಿ. ನಡುವೆ ಮನುಷ್ಯರ ಸಂಸಾರ.

ಕೆರಳಿದ ನೆಲ

ಈ ಸಂಸಾರ ಸುಖದ್ದಾಗಿರಲಿಲ್ಲ. 1783ರ ಜೂನ್ 8ರಂದು ‘ಲಾಕಿ’ ಎಂಬಲ್ಲಿ ನೆಲ ಬಿರಿಯಿತು. ಎಂಟು ತಿಂಗಳ ಕಾಲ ಲಾವಾ ಹರಿಯಿತು. ಲಾವಾಕ್ಕಿಂತ ಘೋರವಾದದ್ದು ಅದರೊಂದಿಗೆ ಬಂದ ಅನಿಲ. ಹುಲ್ಲಿನ ಮೇಲೆ ಫ್ಲೋರಿನ್ ವಿಷ ಕೂತಿತು. ಅದನ್ನು ಮೇಯ್ದ ದನಕುರಿಗಳು ಸತ್ತವು. ಹಿಂದೆಯೇ ಕ್ಷಾಮ ಬಂತು. ದೇಶದ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಣ್ಣುಮುಚ್ಚಿದರು. ಆ ಗಂಧಕದ ಮಬ್ಬು ಯುರೋಪಿನ ಆಕಾಶವನ್ನೂ ಮುಸುಕಿತ್ತು.

ಆ ಸಂಕಟದ ನಡುವೆ ಯೋನ್ ಸ್ಟೇಯ್ನ್‌ಗ್ರಿಮ್ಸೊನ್ ಎಂಬ ಹಳ್ಳಿಯ ಪಾದ್ರಿಯೊಬ್ಬರು ಒಂದು ಕೆಲಸ ಮಾಡಿದರು. ಲಾವಾ ಯಾವ ದಿನ ಎಲ್ಲಿಗೆ ಬಂತು, ಮಳೆಯ ಹನಿ ಹೇಗಿತ್ತು, ಹುಲ್ಲು ಏನಾಯಿತು, ದನಗಳ ಕಾಲಿಗೆ, ಮನುಷ್ಯರ ಬಾಯಿಗೆ ಏನು ಬಂತು ಎಂಬುದನ್ನೆಲ್ಲ ಕಂಡಂತೆ ಬರೆದಿಟ್ಟರು. ಇಂದಿಗೂ ಜ್ವಾಲಾಮುಖಿಯನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಆ ಬರಹವನ್ನು ತೆರೆದು ನೋಡುತ್ತಾರೆ. ಕಷ್ಟ ಬಂದಾಗ ಬರೆದಿಡುವುದು ಈ ಜನರ ಹಳೆಯ ಅಭ್ಯಾಸ. ಆ ವಿಚಾರ ಮುಂದೆ ಬರಲಿದೆ.

ಸಮುದ್ರದ ನೀರೇ ಆಯುಧ

1973ರ ಜನವರಿ 23ರ ನಡುರಾತ್ರಿ. ದಕ್ಷಿಣ ಕರಾವಳಿಯ ಆಚೆ ಇರುವ ಹೇಮಾಯ್ ಎಂಬ ಪುಟ್ಟ ದ್ವೀಪದಲ್ಲಿ ಊರಿನ ಅಂಚಿನಲ್ಲೇ ನೆಲ ಸೀಳಿ ಬೆಂಕಿಯ ಗೋಡೆ ಎದ್ದಿತು. ಅಲ್ಲಿದ್ದವರು ಸುಮಾರು 5,300 ಮಂದಿ. ಅದೃಷ್ಟವೆಂದರೆ, ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುಗಾರರ ದೋಣಿಗಳು ಕಡಲಿಗಿಳಿಯದೆ ಬಂದರಿನಲ್ಲೇ ನಿಂತಿದ್ದವು. ಬೆಳಕು ಹರಿಯುವ ಹೊತ್ತಿಗೆ ಬಹುತೇಕ ಎಲ್ಲರೂ ದೋಣಿ ಏರಿ ಪಾರಾಗಿದ್ದರು.

ಮುಂದಿನದು ಇನ್ನೂ ಸೋಜಿಗ. ಲಾವಾ ಬಂದರಿನ ಬಾಯಿಯತ್ತ ಹರಿಯತೊಡಗಿತು. ಬಂದರು ಮುಚ್ಚಿದರೆ ಮೀನುಗಾರಿಕೆ ಮುಗಿಯಿತು. ಮೀನುಗಾರಿಕೆ ಮುಗಿದರೆ ಊರೂ ಮುಗಿಯಿತು. ಆಗ ಪಂಪುಗಳನ್ನು ತರಿಸಿ ಸಮುದ್ರದ ನೀರನ್ನು ಲಾವಾದ ಮೇಲೆ ತಿಂಗಳುಗಟ್ಟಲೆ ಸುರಿಯಲಾಯಿತು. ತಣಿದ ಅಂಚು ಕಲ್ಲಾಗಿ ಹಿಂದಿನ ಲಾವಾಕ್ಕೇ ತಡೆಗೋಡೆಯಾಯಿತು. ಸುಮಾರು 400 ಮನೆಗಳು ಹೋದವು, ಬಂದರು ಉಳಿಯಿತು. ಜುಲೈ ವೇಳೆಗೆ ಬೆಂಕಿ ಆರಿತು. ಊರಿಗೆ ಮರಳಿದ ಜನ ಅದೇ ಲಾವಾದ ಬಿಸಿಯಿಂದ ಕೆಲವು ವರ್ಷ ತಮ್ಮ ಮನೆಗಳನ್ನು ಬೆಚ್ಚಗಿಟ್ಟುಕೊಂಡರು!

ಅಂಥ ರಾತ್ರಿಗಳು ಮುಗಿದಿಲ್ಲ. 2010ರಲ್ಲಿ ಏಯಾಫ್ಯಾತ್ಲಾಯೋಕುಲ್ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ದಿನಗಟ್ಟಲೆ ನೆಲಬಿಟ್ಟು ಏಳಲಿಲ್ಲ. ಆ ಹೆಸರನ್ನು ಉಚ್ಚರಿಸಲಾಗದೆ ಲೋಕದ ವಾರ್ತಾವಾಚಕರೆಲ್ಲ ಪಟ್ಟ ಪಾಡು ಬೇರೆ. 2023ರ ನವೆಂಬರಿನಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರಿನ ಸುಮಾರು 3,700 ಮಂದಿ ಒಂದೇ ರಾತ್ರಿಯಲ್ಲಿ ಮನೆ ಬಿಟ್ಟು ಹೊರಡಬೇಕಾಯಿತು. 2024ರ ಜನವರಿಯಲ್ಲಿ ಲಾವಾ ಊರೊಳಗೇ ಬಂದು ಮನೆಗಳನ್ನು ಸುಟ್ಟಿತು.

ಕೊಡುವುದೂ ಅದೇ ನೆಲ

ಸುಡುವ ನೆಲವೇ ಸಲಹುತ್ತದೆ ಕೂಡ. ರೇಕ್ಯಾವಿಕ್‌ನ ಮುಖ್ಯ ಅಂಗಡಿಬೀದಿಯ ಹೆಸರು ‘ಲೋಯ್ಗಾವೇಗುರ್’. ಹಿಂದೆ ಹೆಂಗಸರು ಬಟ್ಟೆಗಂಟು ಹೊತ್ತು ಬಿಸಿನೀರಿನ ಬುಗ್ಗೆಗೆ ಒಗೆಯಲು ಹೋಗುತ್ತಿದ್ದ ದಾರಿ ಅದು. 1930ರಲ್ಲಿ ಆ ಬುಗ್ಗೆಯ ನೀರನ್ನೇ ಕೊಳವೆಯಲ್ಲಿ ಊರಿಗೆ ತರಲಾಯಿತು. ಮೊದಲು ಬೆಚ್ಚಗಾದ ಕಟ್ಟಡಗಳಲ್ಲಿ ಒಂದು ಮಕ್ಕಳ ಶಾಲೆ. ಇಂದು ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯೊಳಗಿನ ಬಿಸಿಯಿಂದಲೇ ಬೆಚ್ಚಗಿವೆ. ವಿದ್ಯುತ್ತಂತೂ ಹೆಚ್ಚುಕಡಿಮೆ ಪೂರ್ತಿಯಾಗಿ ನದಿಗಳಿಂದ ಮತ್ತು ಭೂಶಾಖದಿಂದ ಬರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಗಾಜಿನ ಮನೆಯೊಳಗೆ ಟೊಮೆಟೊ, ಸೌತೆಕಾಯಿ ಬೆಳೆಯುತ್ತಾರೆ. ಊರೂರಿಗೂ ಬಿಸಿನೀರಿನ ಈಜುಕೊಳ ಉಂಟು. ಶಾಲೆಯಲ್ಲಿ ಗಣಿತದ ಹಾಗೆ ಈಜೂ ಕಡ್ಡಾಯದ ಪಾಠ. ಕಡಲಿನ ಮಕ್ಕಳಿಗೆ ಅದು ಜೀವ ಉಳಿಸುವ ವಿದ್ಯೆ.

ನಾಲಗೆಯ ಮೇಲೆ ಕಾನೂನು

ಕ್ರಿ.ಶ. 930ರಲ್ಲಿ ಐಸ್‌ಲೆಂಡಿನ ಜನ ‘ಆಲ್ಥಿಂಗ್’ ಎಂಬ ಮಹಾಸಭೆಯನ್ನು ಕಟ್ಟಿಕೊಂಡರು. ಜಗತ್ತಿನಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ಸಂಸತ್ತುಗಳಲ್ಲಿ ಅದೊಂದು. ಸಭೆ ನಡೆಯುತ್ತಿದ್ದದ್ದು ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ, ಭೂಫಲಕಗಳು ಬಿರಿದು ಉಂಟಾದ ಕಲ್ಲುಗೋಡೆಯ ಬುಡದಲ್ಲಿ. ರಾಜನಿರಲಿಲ್ಲ, ಕಾನೂನಿನ ಪುಸ್ತಕವೂ ಇರಲಿಲ್ಲ. ‘ಕಾನೂನು ಹೇಳುವವ’ ಎಂಬ ಅಧಿಕಾರಿಯೊಬ್ಬ ಬಂಡೆಯ ಮೇಲೆ ನಿಂತು ಇಡೀ ಕಾನೂನಿನ ಮೂರನೇ ಒಂದು ಭಾಗವನ್ನು ಪ್ರತಿವರ್ಷ ಬಾಯಿಪಾಠ ಒಪ್ಪಿಸುತ್ತಿದ್ದ. ಮೂರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಮಗ್ಗಿ ಬಾಯಿಪಾಠ ಮಾಡಲು ಬೇಸರಿಸುವ ಮಕ್ಕಳು ಆತನನ್ನು ನೆನೆಸಿಕೊಳ್ಳಬಹುದು! 1117–18ರ ಚಳಿಗಾಲದಲ್ಲಿ ಕಾನೂನನ್ನು ಬರಹಕ್ಕಿಳಿಸುವ ಕೆಲಸ ಆರಂಭವಾಯಿತು.

ಕರುವಿನ ಚರ್ಮದ ಮೇಲೆ ಕಥೆ

ಬರೆಯಲು ಕಲಿತವರು ಮತ್ತೆ ನಿಲ್ಲಿಸಲಿಲ್ಲ. ತಮ್ಮ ಹಿರಿಯರ ಜಗಳ, ವಲಸೆ, ಕಡಲಯಾನಗಳ ಕಥೆಗಳನ್ನು 12, 13ನೇ ಶತಮಾನದಿಂದ ಕರುವಿನ ಚರ್ಮ ಹದಮಾಡಿ ಅದರ ಮೇಲೆ ಬರೆದರು. ಇವೇ ‘ಸಾಗಾ’ಗಳು. ‘ಫ್ಲಾತೇಯರ್‌ಬೋಕ್’ ಎಂಬ ಒಂದು ಗ್ರಂಥಕ್ಕೇ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಯಿತಂತೆ. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಹುಲ್ಲುಹೆಂಟೆ ಹೊದಿಸಿದ ಮನೆಯೊಳಗೆ ಎಲ್ಲರೂ ಉಣ್ಣೆ ನೂಲುತ್ತ ಕೂತರೆ, ಒಬ್ಬರು ದೀಪದ ಬಳಿ ಕಥೆ ಓದುತ್ತಿದ್ದರು. ಜಗಲಿಯ ಮೇಲೆ ಭಾರತ ವಾಚನ ಕೇಳಿದ ಹಿರಿಯರಿರುವ ಮನೆಗಳಲ್ಲಿ ಈ ಚಿತ್ರ ಅಪರಿಚಿತವೆನಿಸದು.

ಈ ಸಾಗಾಗಳಲ್ಲಿ ಲೇಫ್ ಎರಿಕ್ಸನ್ ಎಂಬಾತ ಪಶ್ಚಿಮಕ್ಕೆ ಹೋಗಿ ಹೊಸ ನಾಡೊಂದನ್ನು ಕಂಡ ಕಥೆ ಇದೆ. ಕಟ್ಟುಕತೆ ಎಂದು ಬಹಳ ಮಂದಿ ತಳ್ಳಿಹಾಕಿದ್ದರು. 1960ರಲ್ಲಿ ನಾರ್ವೆಯ ದಂಪತಿಗಳಾದ ಹೆಲ್ಗೆ ಮತ್ತು ಆನ್ ಸ್ಟೀನ್ ಇಂಗ್‌ಸ್ಟಾಡ್ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಆ ಕಾಲದ ಮನೆಗಳ ಅವಶೇಷವನ್ನು ಗುರುತಿಸಿದರು. ಅಲ್ಲಿ ದೊರೆತ ಮರದ ತುಂಡುಗಳನ್ನು ಕ್ರಿ.ಶ. 1021ರಲ್ಲಿ ಕಡಿಯಲಾಗಿತ್ತು ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ಕೊಲಂಬಸ್ ಅಮೆರಿಕ ತಲುಪಿದ್ದಕ್ಕಿಂತ 471 ವರ್ಷ ಮೊದಲು! ಪುಸ್ತಕದ ನೆನಪು ನಿಜವಾಗಿತ್ತು.

ಆದರೆ ಪುಸ್ತಕಗಳಿಗೂ ಕಷ್ಟಕಾಲ ಬಂತು. 13ನೇ ಶತಮಾನದಲ್ಲಿ ದೇಶ ನಾರ್ವೆಯ ದೊರೆಗೆ ಅಧೀನವಾಯಿತು. ಮುಂದೆ ಡೆನ್ಮಾರ್ಕಿನ ಕೈಸೇರಿತು. ಬಡತನ ಹೆಚ್ಚಿದಂತೆ ಹಳೆಯ ಚರ್ಮದ ಹಾಳೆಗಳನ್ನು ಜನ ಬೇರೆ ಬೇರೆ ಕೆಲಸಕ್ಕೆ ಬಳಸಿದರು. ಆರ್ನಿ ಮಾಗ್ನುಸ್ಸೊನ್ (1663–1730) ಎಂಬ ವಿದ್ವಾಂಸರು ಊರೂರು ಅಲೆದು ಅವನ್ನು ಕೂಡಿಸಿದರು. ಅಂಗಿಯ ಅಳತೆಗೆಂದು ಕತ್ತರಿಸಿದ ಹಾಳೆಯೂ ಅವರಿಗೆ ಸಿಕ್ಕಿತು. ಕೋಪನ್‌ಹೇಗನ್ನಿನಲ್ಲಿ ಅವರು ಕಾಪಾಡಿದ್ದ ಸಂಗ್ರಹಕ್ಕೆ 1728ರ ನಗರದ ಬೆಂಕಿ ತಾಗಿದರೂ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಪಾರಾದವು.

1944ರ ಜೂನ್ 17ರಂದು ಐಸ್‌ಲೆಂಡ್ ಗಣರಾಜ್ಯವಾಯಿತು. ಅದನ್ನು ಘೋಷಿಸಿದ್ದು ಅದೇ ಥಿಂಗ್‌ವೆಟ್ಲಿರ್ ಬಯಲಿನಲ್ಲಿ. ಆಮೇಲೆ ಆ ಜನ ಡೆನ್ಮಾರ್ಕನ್ನು ಕೇಳಿದ ಮುಖ್ಯ ಆಸ್ತಿ ಎಂದರೆ ತಮ್ಮ ಪುಸ್ತಕಗಳು. 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕೆಯೊಂದು ಮೊದಲ ಎರಡು ಹಸ್ತಪ್ರತಿಗಳನ್ನು ಹೊತ್ತು ರೇಕ್ಯಾವಿಕ್‌ಗೆ ಬಂತು. ಅವನ್ನು ಬರಮಾಡಿಕೊಳ್ಳಲು ಸಾವಿರಾರು ಜನ ಬಂದರಿನಲ್ಲಿ ಕಾದು ನಿಂತಿದ್ದರು. ಅಷ್ಟು ಜನ ಸ್ವಾಗತಿಸಿದ್ದು ರಾಜನನ್ನಲ್ಲ, ಚಿತ್ರನಟನನ್ನಲ್ಲ. ಎರಡು ಹಳೆಯ ಪುಸ್ತಕಗಳನ್ನು!

ಹಳೆಯ ಪದ, ಹೊಸ ಯಂತ್ರ

ಪುಸ್ತಕ ಉಳಿದದ್ದರಿಂದ ಭಾಷೆಯೂ ಉಳಿಯಿತು. ಎಂಟುನೂರು ವರ್ಷದ ಹಿಂದಿನ ಸಾಗಾಗಳನ್ನು ಕಾಗುಣಿತ ಮಾತ್ರ ಹೊಸದು ಮಾಡಿಕೊಂಡರೆ ಇಂದಿನ ಶಾಲಾಮಕ್ಕಳೂ ಓದಬಲ್ಲರು. ಹೊಸ ವಸ್ತು ಬಂದಾಗ ಅಲ್ಲಿನವರು ಹಳೆಯ ಪೆಟ್ಟಿಗೆ ತೆರೆದು ಪದ ಹುಡುಕುತ್ತಾರೆ. ಟೆಲಿಫೋನಿಗೆ ‘ಸೀಮಿ’ ಎಂದರು. ಅದು ‘ನೂಲು’ ಎಂಬ ಅರ್ಥದ, ಮರೆತೇಹೋಗಿದ್ದ ಪದ. ಜೇಬಿನ ಫೋನು ‘ಫಾರ್‌ಸೀಮಿ’, ಅಂದರೆ ಪ್ರಯಾಣದ ನೂಲು. ಟಿ.ವಿ., ಕಂಪ್ಯೂಟರುಗಳ ಪರದೆಗೆ ‘ಸ್ಕ್ಯಾವುರ್’. ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಬಿಗಿಯುತ್ತಿದ್ದ ತೆಳುಪೊರೆಯ ಹೆಸರು ಅದು. ಇನ್ನು ಕಂಪ್ಯೂಟರು ‘ತೊಲ್ವ’. ಅಲ್ಲಿನ ಭಾಷೆಯ ‘ಸಂಖ್ಯೆ’ ಮತ್ತು ‘ಕಣಿ ಹೇಳುವವಳು’ ಎಂಬ ಎರಡು ಪದಗಳನ್ನು ಬೆಸೆದು 1960ರ ದಶಕದಲ್ಲಿ ಮಾಡಿದ್ದು. ಅಂಕಿಗಳಿಂದ ಕಣಿ ಹೇಳುವವಳು!

ಕವಿ ಯೋನಾಸ್ ಹಾಲ್‌ಗ್ರಿಮ್ಸೊನ್ ಹುಟ್ಟಿದ ನವೆಂಬರ್ 16ನ್ನು 1996ರಿಂದ ಭಾಷಾ ದಿನವಾಗಿ ಆಚರಿಸುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚೆ ಹೊಸ ಪುಸ್ತಕಗಳ ಪಟ್ಟಿ ಹೊರಬರುತ್ತದೆ. ಹಬ್ಬದ ಉಡುಗೊರೆ ಎಂದರೆ ಪುಸ್ತಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ಸಾಮಾನಿಗೆಲ್ಲ ನಿರ್ಬಂಧವಿದ್ದು ಕಾಗದ ಮಾತ್ರ ಸುಲಭವಾಗಿ ಸಿಗುತ್ತಿದ್ದಾಗ ಬೆಳೆದ ರೂಢಿ ಇದು. ಈ ಪುಟ್ಟ ಭಾಷೆಯ ಹಾಲ್ದೋರ್ ಲಾಕ್ಸ್‌ನೆಸ್ 1955ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. ಹಾಗಿದ್ದೂ ಅಲ್ಲಿನ ತಂದೆತಾಯಿಗಳಿಗೆ ಚಿಂತೆ ತಪ್ಪಿಲ್ಲ. ಮಕ್ಕಳ ಕೈಯಲ್ಲಿರುವ ಆಟ, ಚಿತ್ರ, ಫೋನುಗಳೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಬೆಂಕಿ, ಬಡತನಗಳನ್ನು ದಾಟಿ ಬಂದ ಭಾಷೆ ಇದನ್ನೂ ದಾಟಬೇಕಾಗಿದೆ.

ಅಪ್ಪನ ಹೆಸರೇ ಸಾಕು

ಐಸ್‌ಲೆಂಡಿನಲ್ಲಿ ಬಹುತೇಕ ಯಾರಿಗೂ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿಗೆ ‘ಸೊನ್’ ಸೇರಿಸಿದರೆ ಮಗ, ‘ದೋತ್ತಿರ್’ ಸೇರಿಸಿದರೆ ಮಗಳು. ಕೆಲವರು ಅಮ್ಮನ ಹೆಸರಿಗೂ ಹೀಗೆ ಸೇರಿಸಿಕೊಳ್ಳುತ್ತಾರೆ. ಹೀಗಾಗಿ ಒಂದೇ ಮನೆಯ ಅಪ್ಪ, ಅಮ್ಮ, ಮಗ, ಮಗಳು ನಾಲ್ವರಿಗೂ ಬೇರೆ ಬೇರೆ ಕೊನೆಯ ಹೆಸರು! ಪ್ರಧಾನಿಯನ್ನೂ ಮೇಷ್ಟರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಟೆಲಿಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಕ್ರಮದಲ್ಲೇ ಇರುತ್ತಿತ್ತು. ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡ ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ಪದ್ಧತಿ.

1975ರ ಅಕ್ಟೋಬರ್ 24ರಂದು ಆ ದೇಶದ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು ಒಂದು ದಿನ ರಜೆ ಹಾಕಿದರು, ಕಚೇರಿಗೂ ಅಡುಗೆಮನೆಗೂ. ಮೀನಿನ ಕಾರ್ಖಾನೆಗಳು ನಿಂತವು. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ಮನೆಯಲ್ಲಿ ನಡೆಯುವ ಕೆಲಸವೆಷ್ಟು ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯಿತು. ಐದು ವರ್ಷದ ಬಳಿಕ, 1980ರಲ್ಲಿ, ವಿಗ್ಡಿಸ್ ಫಿನ್‌ಬೊಗಾದೋತ್ತಿರ್ ಅಧ್ಯಕ್ಷರಾಗಿ ಆಯ್ಕೆಯಾದರು. ಜನರ ಮತದಿಂದ ಒಂದು ರಾಷ್ಟ್ರದ ಅಧ್ಯಕ್ಷರಾದ ಜಗತ್ತಿನ ಮೊದಲ ಮಹಿಳೆ ಅವರು. 1996ರವರೆಗೆ, ಹದಿನಾರು ವರ್ಷ ಆ ಸ್ಥಾನದಲ್ಲಿದ್ದರು.

ನರಿ, ಕುದುರೆ, ಸೊಳ್ಳೆ

ಮನುಷ್ಯರು ಬರುವ ಮೊದಲು ಈ ದ್ವೀಪದ ನೆಲದ ಮೇಲಿದ್ದ ಏಕೈಕ ಸಸ್ತನಿ ಧ್ರುವನರಿ. ಕುದುರೆ, ಕುರಿಗಳೆಲ್ಲ ವಲಸಿಗರ ಜೊತೆ ದೋಣಿಯಲ್ಲಿ ಬಂದವು. ಅಲ್ಲಿನ ಗಿಡ್ಡ ಕುದುರೆಗೆ ‘ತೊಲ್ಟ್’ ಎಂಬ ವಿಶೇಷ ನಡಿಗೆ ಗೊತ್ತು. ಸವಾರನ ಮೈ ಕುಲುಕದು. ರೋಗ ಬಾರದಿರಲೆಂದು ಹೊರಗಿನ ಕುದುರೆಗಳಿಗೆ ಪ್ರವೇಶವಿಲ್ಲ. ಒಮ್ಮೆ ದೇಶ ಬಿಟ್ಟ ಕುದುರೆ ಮತ್ತೆ ತವರಿಗೆ ಮರಳುವಂತೆಯೂ ಇಲ್ಲ.

ಹೇಮಾಯ್ ದ್ವೀಪದ ಮಕ್ಕಳಿಗೆ ಬೇಸಿಗೆಯ ಕೊನೆಯಲ್ಲಿ ಒಂದು ರಾತ್ರಿಪಾಳಿ ಉಂಟು. ‘ಪಫಿನ್’ ಎಂಬ ಬಣ್ಣದ ಕೊಕ್ಕಿನ ಕಡಲಹಕ್ಕಿಯ ಮರಿಗಳು ಮೊದಲ ಬಾರಿ ಹಾರುವಾಗ ಊರಿನ ದೀಪಗಳಿಗೆ ಮರುಳಾಗಿ ಬೀದಿಗೆ ಬೀಳುತ್ತವೆ. ಮಕ್ಕಳು ಟಾರ್ಚು, ರಟ್ಟಿನ ಪೆಟ್ಟಿಗೆ ಹಿಡಿದು ಅವನ್ನು ಹುಡುಕಿ, ಬೆಳಿಗ್ಗೆ ಕಡಲಿನತ್ತ ಬಿಡುತ್ತಾರೆ. ಆ ದಿನಗಳಲ್ಲಿ ತಡವಾಗಿ ಮನೆಗೆ ಬಂದರೆ ಬೈಗುಳವಿಲ್ಲ!

ಹಾಗೆಯೇ ಸೊಳ್ಳೆಯಿಲ್ಲದ ದೇಶ ಎಂಬ ಹೆಮ್ಮೆಯೂ ಐಸ್‌ಲೆಂಡಿಗಿತ್ತು. 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಅಲ್ಲಿನ ಬಯಲಿನಲ್ಲಿ ಮೂರು ಸೊಳ್ಳೆಗಳು ಸಿಕ್ಕಿಬಿದ್ದವು.

ಸತ್ತ ಹಿಮನದಿ

ಸೊಳ್ಳೆಗಿಂತ ದೊಡ್ಡ ಸುದ್ದಿ ‘ಓಕ್’ ಎಂಬ ಬೆಟ್ಟದ್ದು. ಅದರ ತಲೆಯ ಮೇಲೊಂದು ಹಿಮನದಿ ಇತ್ತು. ಹಿಮನದಿ ಎನಿಸಿಕೊಳ್ಳಲು ಹಿಮ ತನ್ನ ಭಾರಕ್ಕೆ ತಾನೇ ಜರುಗುವಷ್ಟು ದಪ್ಪವಿರಬೇಕು. ಓಕ್ ಕರಗಿ ಕರಗಿ ಆ ಶಕ್ತಿ ಕಳೆದುಕೊಂಡಿತು. 2014ರಲ್ಲಿ ಅದು ಸತ್ತಿತೆಂದು ವಿಜ್ಞಾನಿಗಳು ತೀರ್ಮಾನಿಸಿದರು. 2019ರ ಆಗಸ್ಟ್ 18ರಂದು ಪ್ರಧಾನಿಯೂ ಸೇರಿ ಜನ ಅಲ್ಲಿಗೆ ಹೋಗಿ ಬಂಡೆಗೊಂದು ತಾಮ್ರದ ಫಲಕ ಹಾಕಿದರು. ಅದರ ಮೇಲಿರುವುದು ಮುಂದಿನ ತಲೆಮಾರಿನವರಿಗೆ ಬರೆದ ಒಂದು ಪುಟ್ಟ ಪತ್ರ. ಮುಂದಿನ 200 ವರ್ಷಗಳಲ್ಲಿ ಉಳಿದ ಹಿಮನದಿಗಳಿಗೂ ಇದೇ ಗತಿ ಬರಬಹುದೆಂಬ ಎಚ್ಚರಿಕೆ ಅದರಲ್ಲಿದೆ. ಗಾಳಿಯಲ್ಲಿ ಆಗ ಇದ್ದ ಇಂಗಾಲದ ಡೈ ಆಕ್ಸೈಡಿನ ಪ್ರಮಾಣವನ್ನೂ ಕೆತ್ತಿದ್ದಾರೆ: ಹತ್ತು ಲಕ್ಷದಲ್ಲಿ 415 ಭಾಗ.

ಲಾವಾವನ್ನು ಪಂಪು ಹಿಡಿದು ತಡೆಯಬಹುದು. ಪುಸ್ತಕವನ್ನು ಹಡಗಿನಲ್ಲಿ ಮರಳಿ ತರಬಹುದು. ಮರೆತ ಪದವನ್ನು ಮತ್ತೆ ನಾಲಗೆಗೆ ತರಬಹುದು. ಇವನ್ನೆಲ್ಲ ಐಸ್‌ಲೆಂಡ್ ತಾನೊಂದೇ ಮಾಡಿ ತೋರಿಸಿತು. ಆದರೆ ಹಿಮವನ್ನು ಕರಗಿಸುತ್ತಿರುವ ಹೊಗೆ ಆ ನಾಲ್ಕು ಲಕ್ಷ ಜನರದಷ್ಟೇ ಅಲ್ಲ, ಎಲ್ಲ ದೇಶಗಳದು. ಅದಕ್ಕೇ ಅವರು ತಮ್ಮ ಹಳೆಯ ಅಭ್ಯಾಸದಂತೆ ಬರೆದಿಟ್ಟಿದ್ದಾರೆ. ಐಸ್‌ಲೆಂಡಿನ ಭಾಷೆಯಲ್ಲಿ ಒಂದು ಸಲ, ಲೋಕಕ್ಕೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಇನ್ನೊಂದು ಸಲ. ಆ ಪತ್ರಕ್ಕೆ ಉತ್ತರ ಬರೆಯಬೇಕಾದವರು ಈಗ ಶಾಲೆಯ ಬೆಂಚುಗಳ ಮೇಲೆ ಕೂತಿದ್ದಾರೆ.

ಐಸ್‌ಲೆಂಡ್: ಒಂದು ನೋಟ

ರಾಜಧಾನಿ: ರೇಕ್ಯಾವಿಕ್
ವಿಸ್ತೀರ್ಣ: ಸುಮಾರು 1,03,000 ಚ.ಕಿ.ಮೀ.
ಜನಸಂಖ್ಯೆ: 4 ಲಕ್ಷಕ್ಕೆ ತುಸು ಕಡಿಮೆ
ಭಾಷೆ: ಐಸ್‌ಲೆಂಡಿಕ್
ನಾಣ್ಯ: ಕ್ರೋನಾ
ರಾಷ್ಟ್ರೀಯ ದಿನ: ಜೂನ್ 17
ಸೇನೆ: ಇಲ್ಲ, ಕರಾವಳಿ ಕಾವಲುಪಡೆ ಮಾತ್ರ